ಸಿಲಿಂಡರಿನಲ್ಲಿ ಆದರ್ಶ ಅನಿಲವಿದ್ದಿದ್ದರೆ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ಊರುಗಳಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ಅಂಥ ದಿನ ಅಡುಗೆಮನೆಯ ಗ್ಯಾಸ್ ಸಿಲಿಂಡರಿನೊಳಗೆ ಒತ್ತಡ ಎಷ್ಟಿರುತ್ತದೆ? ನೀವು ತರಗತಿಯಲ್ಲಿ ಕಲಿತ ಪಿವಿ = ಎನ್‌ಆರ್‌ಟಿ ಸಮೀಕರಣದಿಂದಲೇ ಲೆಕ್ಕ ಹಾಕೋಣ.

ಎಲ್‌ಪಿಜಿ ಎಂದರೆ ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಸರಳತೆಗಾಗಿ ಎಲ್ಲವೂ ಬ್ಯೂಟೇನ್ ಎಂದುಕೊಳ್ಳಿ. ಅದರ ಅಣುತೂಕ 58. ಆದ್ದರಿಂದ 14.2 ಕಿಲೋಗ್ರಾಂ ಅಂದರೆ ಸುಮಾರು 245 ಮೋಲ್. ಸಿಲಿಂಡರಿನ ಗಾತ್ರ ಸುಮಾರು 33 ಲೀಟರ್. 27 ಡಿಗ್ರಿಯಲ್ಲಿ, ಅಂದರೆ 300 ಕೆಲ್ವಿನ್‌ನಲ್ಲಿ, ಉತ್ತರ ಸುಮಾರು 180 ವಾಯುಭಾರ! ಆದರೆ ನಿಜವಾದ ಒತ್ತಡ ಸುಮಾರು 2.5 ವಾಯುಭಾರ ಮಾತ್ರ.

ಇಷ್ಟು ಅಂತರವೇಕೆ? ಆದರ್ಶ ಅನಿಲದ ಅಣುಗಳಿಗೆ ಸ್ವಂತ ಗಾತ್ರವಿಲ್ಲ, ಪರಸ್ಪರ ಆಕರ್ಷಣೆಯೂ ಇಲ್ಲ ಎಂಬುದು ನಮ್ಮ ಕಲ್ಪನೆ. ಒತ್ತಡ ಕಡಿಮೆ, ತಾಪ ಹೆಚ್ಚು ಇದ್ದಾಗ ನೈಜ ಅನಿಲಗಳೂ ಹೆಚ್ಚುಕಡಿಮೆ ಹಾಗೆಯೇ ವರ್ತಿಸುತ್ತವೆ. ಅಣುಗಳು ಹತ್ತಿರವಾದಂತೆ ಈ ಕಲ್ಪನೆ ಕುಸಿಯುತ್ತದೆ. 1873ರಲ್ಲಿ ಹಾಲೆಂಡಿನ ವ್ಯಾನ್ ಡರ್ ವಾಲ್ಸ್ ಈ ಎರಡಕ್ಕೂ ತಿದ್ದುಪಡಿ ಸೂಚಿಸಿದ. 1910ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಬ್ಯೂಟೇನ್ ಅಣುಗಳ ಆಕರ್ಷಣೆ ಎಷ್ಟು ಬಲವಾದುದೆಂದರೆ, ಸಿಲಿಂಡರಿನಲ್ಲಿ ಬಹುಪಾಲು ದ್ರವವೇ ಇರುತ್ತದೆ. ಅದರ ಕ್ರಾಂತಿ ತಾಪ 152 ಡಿಗ್ರಿ. ಅದಕ್ಕಿಂತ ಕೆಳಗೆ ಒತ್ತಿದರೆ ದ್ರವವಾಗುತ್ತದೆ. ಆಕ್ಸಿಜನ್‌ನ ಕ್ರಾಂತಿ ತಾಪ –118 ಡಿಗ್ರಿ. ಆದ್ದರಿಂದ ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನಲ್ಲಿರುವುದು ಅನಿಲವೇ. ಬಳಸಿದಂತೆ ಅದರ ಒತ್ತಡ ಇಳಿಯುತ್ತದೆ, ಉಳಿದದ್ದೆಷ್ಟೆಂದು ಮಾಪಕ ಹೇಳುತ್ತದೆ. ಎಲ್‌ಪಿಜಿಯಲ್ಲಿ ಹಾಗಲ್ಲ. ದ್ರವ ಇರುವವರೆಗೂ ಒತ್ತಡ ಹೆಚ್ಚು ಬದಲಾಗದು. ಉಳಿದದ್ದನ್ನು ತಿಳಿಯಲು ತೂಕವೇ ದಾರಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲೆಯೇ ಬರೆದಿರುತ್ತದೆ.

ಈಗ ಬೇಸಿಗೆಗೆ ಬನ್ನಿ. ತಾಪ 27ರಿಂದ 42 ಡಿಗ್ರಿಗೆ ಏರಿದರೆ ಆದರ್ಶ ಅನಿಲದ ಒತ್ತಡ ಶೇಕಡ 5ರಷ್ಟು ಮಾತ್ರ ಹೆಚ್ಚುತ್ತದೆ. ಬ್ಯೂಟೇನ್ ಆವಿಯ ಒತ್ತಡವಾದರೋ 2.5ರಿಂದ ಸುಮಾರು 4 ವಾಯುಭಾರಕ್ಕೆ, ಅಂದರೆ ಒಂದೂವರೆ ಪಟ್ಟಿಗೂ ಮೀರಿ ಏರುತ್ತದೆ. ಹೆಚ್ಚು ದ್ರವ ಆವಿಯಾಗುವುದೇ ಇದಕ್ಕೆ ಕಾರಣ. ಪ್ರೊಪೇನ್ ಬೆರೆತಿರುವಾಗ ಒತ್ತಡ ಇನ್ನೂ ಹೆಚ್ಚು. ಜೊತೆಗೆ ದ್ರವವೂ ಹಿಗ್ಗುತ್ತದೆ. ಅದಕ್ಕೆಂದೇ ಸಿಲಿಂಡರನ್ನು ಪೂರ್ತಿ ತುಂಬದೆ ಮೇಲೆ ಜಾಗ ಬಿಟ್ಟಿರುತ್ತಾರೆ.

ಗ್ಯಾಸ್ ಮುಗಿಯುತ್ತ ಬಂದಾಗ ಸಿಲಿಂಡರನ್ನು ಬಿಸಿನೀರಿನಲ್ಲಿಡುವುದು, ಬಿಸಿಲಿಗಿಡುವುದು ಏಕೆ ಅಪಾಯಕರ ಎಂಬುದು ಈಗ ತಿಳಿಯಿತಲ್ಲವೆ? ಶಿಕ್ಷಕರು ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಸಮೀಕರಣದ ಜೊತೆಗೆ ಅದರ ಮಿತಿಯೂ ವಿದ್ಯಾರ್ಥಿಗಳಿಗೆ ಗೊತ್ತಾಗಬೇಕು.