ರಯೋಲೈಟ್ ಗುಡ್ಡದ ಹೂಗಿಡ

ಅಮೆರಿಕ ಸಂಯುಕ್ತ ಸಂಸ್ಥಾನದ ನೆವಾಡ ಪ್ರಾಂತದಲ್ಲಿ, ಸಿಲ್ವರ್ ಪೀಕ್ ಪರ್ವತಶ್ರೇಣಿಗೆ ಸೇರಿದ ರಯೋಲೈಟ್ ರಿಜ್ ಎಂಬ ಗುಡ್ಡಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 6000 ಅಡಿಗಳೆತ್ತರದ ಶುಷ್ಕ ಇಳಿಜಾರುಗಳ ಮೇಲೆ ಬೆಳೆಯುವ ಒಂದು ಪುಟ್ಟ ಗಿಡಕ್ಕೆ ಭೂಮಂಡಲದಲ್ಲಿ ಬೇರೆಲ್ಲಿಯೂ ನೆಲೆಯಿಲ್ಲ. ಅದು ಆವರಿಸಿಕೊಂಡಿರುವ ನೆಲವಾದರೂ ಎಷ್ಟು? ಎಲ್ಲವನ್ನೂ ಒಟ್ಟುಗೂಡಿಸಿದರೆ ಸುಮಾರು 10 ಎಕರೆ. 1983ರಲ್ಲಿ ಇದನ್ನು ಗುರುತಿಸಿದ ಸಸ್ಯಶಾಸ್ತ್ರಜ್ಞ ಆರ್ನಲ್ಡ್ ಟೀಮ್ ಅವರ ಹೆಸರಿನಿಂದ ಇದಕ್ಕೆ ಟೀಮ್ ಬಕ್‌ವೀಟ್ ಎಂಬ ನಾಮಧೇಯ ಬಂದಿತು. ಬೂದುಬಣ್ಣದ ಎಲೆಗಳು ನೆಲಕ್ಕೆ ಒತ್ತಿಕೊಂಡಿರುತ್ತವೆ. ವಸಂತದ ಕೊನೆಯಲ್ಲಿ ಅವುಗಳ ನಡುವಿನಿಂದ ನೀಳವಾದ ದಂಟುಗಳೆದ್ದು, ತುದಿಯಲ್ಲಿ ತಿಳಿಹಳದಿಯ ಸೂಕ್ಷ್ಮ ಪುಷ್ಪಗಳು ಹತ್ತಿಯುಂಡೆಯಂತೆ ಗುಂಪುಗೂಡುತ್ತವೆ.

ಇತರ ಸಸ್ಯಗಳಿಗೆ ಹಿತವಲ್ಲದಷ್ಟು ಬೋರಾನ್ ಮತ್ತು ಲಿಥಿಯಂ ಬೆರೆತ ಮಣ್ಣಿನಲ್ಲಿಯೇ ಈ ಗಿಡ ಬೇರೂರುವುದು. ಪಕ್ಕದ ಮಣ್ಣು ಕಣ್ಣಿಗೆ ಅದರಂತೆಯೇ ತೋರಿದರೂ, ರಾಸಾಯನಿಕ ಸಂಯೋಜನೆಯಲ್ಲಿ ಭಿನ್ನವಾದುದೆಂದು ಸಂಶೋಧಕರು ಕಂಡುಕೊಂಡಿರುವರು. ಜೇನುಹುಳುಗಳು, ಕಣಜಗಳು, ಜೀರುಂಡೆಗಳು, ನೊಣಗಳು ಇದರ ಹೂವನ್ನರಸಿ ಬರುತ್ತವೆ. ಅವುಗಳ ಸಹಾಯವಿಲ್ಲದೆ ಬೀಜ ಸಮೃದ್ಧವಾಗಿ ಕಟ್ಟದು. ಆದುದರಿಂದಲೇ, 2022ರ ಡಿಸೆಂಬರಿನಲ್ಲಿ ಅಮೆರಿಕದ ಮತ್ಸ್ಯ ಮತ್ತು ವನ್ಯಜೀವಿ ಇಲಾಖೆಯು ಇದನ್ನು ಅಳಿವಿನಂಚಿನ ಸಸ್ಯವೆಂದು ಸಾರಿದಾಗ, ಗಿಡ ನಿಂತ ನೆಲವನ್ನು ಮಾತ್ರವಲ್ಲದೆ ಅದರ ಸುತ್ತ 500 ಮೀಟರುಗಳವರೆಗಿನ, ಪರಾಗವಾಹಕ ಕೀಟಗಳು ಸಂಚರಿಸುವ ಪ್ರದೇಶವನ್ನೂ ಸೇರಿಸಿ, 910 ಎಕರೆಗಳನ್ನು ಅದರ ಅತ್ಯಾವಶ್ಯಕ ನೆಲೆಯೆಂದು ನಿರ್ದೇಶಿಸಿತು. ಸಂರಕ್ಷಣೆಯೆಂಬ ಕಾರ್ಯದ ಸ್ವರೂಪವನ್ನು ಇಷ್ಟು ಸರಿಯಾಗಿ ಗ್ರಹಿಸಿದ ಸರ್ಕಾರಿ ನಿರ್ಣಯಗಳು ವಿರಳವೆಂದೇ ನನ್ನ ಭಾವನೆ.

ಆದರೆ ಆ ಲಿಥಿಯಮ್ಮೇ ವಿದ್ಯುತ್ ಕಾರುಗಳ ಬ್ಯಾಟರಿಗೆ ಬೇಕಾದ ಧಾತು. ಪೆಟ್ರೋಲಿನ ಹೊಗೆಯಿಂದ ಜಗತ್ತನ್ನು ಬಿಡಿಸಬೇಕೆಂಬ ಉದ್ದೇಶ ಸತ್ಯವಾದುದು, ತುರ್ತಿನದು. ಅದನ್ನು ಹಗುರವಾಗಿ ಕಾಣಲಾಗದು. ಅಯೋನಿಯರ್ ಎಂಬ ಕಂಪನಿ ಇಲ್ಲಿ ಗಣಿ ತೆಗೆಯಲು ಮುಂದಾಯಿತು. ಆಕ್ಷೇಪಣೆಗಳು ಬಂದ ಮೇಲೆ, ಗಿಡಗಳನ್ನೇ ಅಗೆಯದಂತೆ ಯೋಜನೆಯನ್ನು ಬದಲಿಸಿತು. 2024ರ ಅಕ್ಟೋಬರಿನಲ್ಲಿ ಅನುಮತಿ ದೊರೆಯಿತು. ಪರಿಸರ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು. ಗಿಡಗಳು ಉಳಿದರೂ, ಸನಿಹದಲ್ಲಿಯೇ ಏಳುವ ಧೂಳು ಎಲೆಗಳ ಮೇಲೆ ಕುಳಿತು, ಕೀಟಗಳ ನೆಲ ಛಿದ್ರಗೊಂಡರೆ ಅವು ಎಷ್ಟು ಕಾಲ ಬೀಜ ಕಟ್ಟಿಯಾವು?

ಇಷ್ಟು ಚಿಕ್ಕ ನೆಲೆಯ ಜೀವಕ್ಕೆ ಒಂದೇ ದುರ್ದಿನವೂ ದೊಡ್ಡದು. 2020ರಲ್ಲಿ 17,000ಕ್ಕೂ ಹೆಚ್ಚು ಗಿಡಗಳು ಘಾಸಿಗೊಂಡಾಗ ಮನುಷ್ಯರ ಮೇಲೆ ಸಂಶಯ ಹುಟ್ಟಿತಾದರೂ, ಡಿಎನ್‌ಎ ಪರೀಕ್ಷೆಯಿಂದ ದಂಶಕ ಪ್ರಾಣಿಗಳು ಬೇರನ್ನು ಕಡಿದುವೆಂದು ತಿಳಿದುಬಂದಿತು. ಆಗ ಬರಗಾಲವಿದ್ದುದರಿಂದ ಅವುಗಳಿಗೆ ಬೇರಿನ ತೇವವೇ ನೀರಾಗಿದ್ದಿರಬೇಕು. ಬೀಜವನ್ನು ಸಂಗ್ರಹಿಸಿ ಗಾಜುಮನೆಯಲ್ಲಿ ಸಸಿ ಬೆಳೆಸುವ ಪ್ರಯತ್ನವೂ ನಡೆದಿದೆ. ಅದು ಸ್ತುತ್ಯವೇ, ಆದರೆ ಆ ಮಣ್ಣೂ ಆ ಕೀಟಗಳೂ ಗಾಜುಮನೆಯಲ್ಲಿ ದೊರೆಯವಾದ್ದರಿಂದ, ಗಣಿಯ ಅಂಚನ್ನು ಇನ್ನಷ್ಟು ಹಿಂದಕ್ಕೆ ಸರಿಸಬೇಕಾದ ಹೊಣೆಯಿಂದ ಅದು ಯಾರನ್ನೂ ಬಿಡುಗಡೆ ಮಾಡಲಾರದು.