ಹಾಕಿಯ ನಾಡಿನಲ್ಲಿ ಕಾಲ್ಚೆಂಡಿನ ಹುಚ್ಚು!

ಹುಣಸೂರು ದಾಟಿ, ಆನೆಚೌಕೂರಿನ ಕಾಡು ಕಳೆದು, ಮತ್ತಿಗೋಡಿನ ಸಾಕಾನೆ ಶಿಬಿರವನ್ನು ಹಿಂದೆ ಬಿಟ್ಟರೆ ಎದುರಾಗುವುದು ತಿತಿಮತಿ. ಕೊಡಗಿನ ಹೊಸ್ತಿಲು. ಇನ್ನು ಮುಂದೆ ಕಾಫಿ, ಕರಿಮೆಣಸು, ಕಿತ್ತಳೆ, ಜೊತೆಗೆ ಹಾಕಿ ಎಂದುಕೊಂಡೇ ಮೈಸೂರು ಕಡೆಯಿಂದ ಬರುವ ನಾವೆಲ್ಲ ಇಲ್ಲಿ ಇಳಿಯುತ್ತೇವೆ. ಒಂದೇ ಒಂದು ಸಲ ಬೇಸಿಗೆ ರಜೆಯಲ್ಲಿ ಇಳಿದು ನೋಡಿ! ಇಲ್ಲಿಂದ ಗೋಣಿಕೊಪ್ಪ, ಪೊಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರ, ಸುಂಟಿಕೊಪ್ಪ ಎಂದು ಹೋಗುತ್ತಾ ಶಾಲಾ ಮೈದಾನಗಳತ್ತ ಕಣ್ಣು ಹಾಯಿಸಿ. ಕೋಲು ಹಿಡಿದವರಷ್ಟೇ ಅಲ್ಲ, ಚೆಂಡಿನ ಹಿಂದೆ ಬರಿಗಾಲಲ್ಲೇ ಓಡುವವರೂ ಕಾಣುತ್ತಾರೆ. ಹಾಕಿಯ ತವರಿನೊಳಗೆ ಇನ್ನೊಂದು ತವರು ಅಡಗಿ ಕೂತಿದೆ!

ಅಡಗಿ ಕೂತದ್ದು ಯಾಕೆ? ಹಾಕಿಯ ಕಥೆ ಅಷ್ಟು ದೊಡ್ಡದು, ಅದಕ್ಕೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಉತ್ಸವ ಶುರು ಮಾಡಿದಾಗ ಬಂದದ್ದು 60 ತಂಡ. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ ಸೇರಿದ್ದು 360 ತಂಡ! ಅದು ಗಿನ್ನೆಸ್ ದಾಖಲೆ. ಅಂಥ ಬೆಳಕಿನ ಪಕ್ಕದಲ್ಲಿ ಬೇರೆ ಯಾವ ಆಟ ಕಣ್ಣಿಗೆ ಬಿದ್ದೀತು?

ಆದರೆ ಹಾಕಿ, ಕಾಲ್ಚೆಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಮೈ ಜುಮ್ಮೆನ್ನುವ ಸಂಗತಿಯೊಂದು ಹೊರಬೀಳುತ್ತದೆ. ಆ ಹಾಕಿ ಉತ್ಸವದಲ್ಲಿ ತಂಡ ಎಂದರೆ ಒಕ್ಕ, ಅಂದರೆ ಕೊಡವ ಮನೆತನ. ಮನೆತನದ ಹೆಸರೇ ಅಂಗಿಯ ಮೇಲಿನ ಹೆಸರು. ಕಾಲ್ಚೆಂಡಿನಲ್ಲಿ ತಂಡ ಎಂದರೆ ಊರು, ಪೇಟೆ, ತೋಟ, ಗೆಳೆಯರ ಬಳಗ. ಕೊಡವ ತಕ್ಕ್, ಕನ್ನಡ, ಮಲಯಾಳ, ತುಳು, ತಮಿಳು, ಯರವ, ಜೇನುಕುರುಬ, ಇಷ್ಟು ಮಾತುಗಳು ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ ಇದು. ಇಲ್ಲಿ ತಂಡಕ್ಕೆ ಸೇರಲು ಯಾರ ಮಗ ಎಂದು ಹೇಳಬೇಕಿಲ್ಲ, ಯಾವ ಊರು ಎಂದರೆ ಸಾಕು. ಹಾಗಾಗಿ ಪೈಪೋಟಿಯೂ ಮನೆಮನೆಗಳ ನಡುವೆ ನಡೆಯುವುದಿಲ್ಲ, ಊರೂರುಗಳ ನಡುವೆ ನಡೆಯುತ್ತದೆ. ಎಷ್ಟು ಸರಳ! ಎಷ್ಟು ದೊಡ್ಡದು!

ಇನ್ನು ಆಟದ ರೀತಿ ನೋಡಿ. ಹನ್ನೊಂದು ಜನರ ಪಂದ್ಯಕ್ಕೆ ಸುಮಾರು ನೂರು ಮೀಟರ್ ಉದ್ದದ ಸಮತಟ್ಟು ನೆಲ ಬೇಕು. ಬೆಟ್ಟ, ತೋಟ, ಗದ್ದೆಗಳ ನಾಡಿನಲ್ಲಿ ಅಷ್ಟು ನೆಲ ಎಲ್ಲಿ? ಇರುವ ಮೈದಾನಕ್ಕೇ ಆಟವನ್ನು ಹೊಂದಿಸಿಕೊಂಡರು: ಐವರ ‘ಫೈವ್ಸ್’, ಏಳು ಮಂದಿಯ ‘ಸೆವೆನ್ಸ್’. ಸೆವೆನ್ಸ್ ಎಂದರೆ ಗಡಿಯಾಚೆಯ ಮಲಬಾರಿನ ಉಸಿರು. ಮಲಪ್ಪುರಂ ಕಡೆ ಅದಕ್ಕೆ ಗ್ಯಾಲರಿ ಕಟ್ಟುತ್ತಾರೆ, ಆಫ್ರಿಕಾದಿಂದ ಆಟಗಾರರನ್ನು ಕರೆಸುತ್ತಾರೆ, ಅದರ ಸುತ್ತ ಸಿನಿಮಾವನ್ನೇ ಮಾಡಿದರು: 2018ರ ‘ಸುಡಾನಿ ಫ್ರಂ ನೈಜೀರಿಯಾ’. ಆ ಗಾಳಿ ಕುಟ್ಟ, ಮಾಕುಟ್ಟಗಳ ದಾರಿಯಲ್ಲಿ ಇತ್ತ ಬೀಸದೆ ಇದ್ದೀತೆ? ಅಂಕಣ ಚಿಕ್ಕದಾದಷ್ಟೂ ಆಟ ಬಿರುಸು. ಚೆಂಡು ಹಿಡಿದು ಯೋಚಿಸಲು ಪುರುಸೊತ್ತಿಲ್ಲ, ತಿರುಗಿದರೆ ಗೋಲು ಪೆಟ್ಟಿಗೆ, ಮತ್ತೆ ತಿರುಗಿದರೆ ನಿಮ್ಮದೇ ಪೆಟ್ಟಿಗೆ! ನೋಡುವವರು ಕೂಡ ಉಸಿರು ಬಿಗಿಹಿಡಿದೇ ನಿಲ್ಲಬೇಕು.

ಇದೆಲ್ಲದರ ಶಿಖರ ಸುಂಟಿಕೊಪ್ಪ. ಅಲ್ಲಿನ ಬ್ಲೂ ಬಾಯ್ಸ್ ಯುವಕ ಸಂಘ ನಡೆಸುವ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ದಶಕಗಳಿಂದ ನಡೆದುಬಂದಿದೆ. ಮೇ ತಿಂಗಳು ಬಂತೆಂದರೆ ಶಾಲೆಯ ಮೈದಾನಕ್ಕೆ ಜಿಲ್ಲೆಯ ತಂಡಗಳ ಜೊತೆ ಮೈಸೂರು, ಕೇರಳದ ತಂಡಗಳೂ ಬಂದಿಳಿಯುತ್ತವೆ. ಹೆದ್ದಾರಿ ಬದಿಯ ಒಂದು ಪುಟ್ಟ ಪೇಟೆ, ಒಂದು ಯುವಕ ಸಂಘ, ಇಷ್ಟು ವರ್ಷಗಳ ಹಟ! ಕಾಫಿ ಕೊಯ್ಲು ಮುಗಿದಿರುತ್ತದೆ, ಮುಂಗಾರು ಇನ್ನೂ ಹಿಡಿದಿರುವುದಿಲ್ಲ. ಕೊಡಗಿನ ಫುಟ್ಬಾಲ್ ಋತುವನ್ನು ಗೊತ್ತು ಮಾಡುವುದು ತೋಟ ಮತ್ತು ಮಳೆ.

ಈ ಪಂದ್ಯಾವಳಿಗಳಲ್ಲಿ ಗೆದ್ದರೆ ಬಡ್ತಿಯಿಲ್ಲ, ಸೋತರೆ ಹಿಂಬಡ್ತಿಯಿಲ್ಲ. ಪಣಕ್ಕಿರುವುದು ಊರಿನ ಮಾನ ಮಾತ್ರ. ಅದೇನು ಕಡಿಮೆಯೇ? ಇಂಗ್ಲೆಂಡಿನ ಶೆಫೀಲ್ಡ್ ಎಫ್‌ಸಿ ಮತ್ತು ಹಾಲಮ್ ಎಫ್‌ಸಿ ಮೊದಲು ಎದುರಾದದ್ದು 1860ರ ಡಿಸೆಂಬರ್ 26ರಂದು. ಎರಡು ಕ್ಲಬ್‌ಗಳ ನಡುವಿನ, ಜಗತ್ತಿನ ಅತಿ ಹಳೆಯ ಕಾಲ್ಚೆಂಡಿನ ಪೈಪೋಟಿ ಅದು. ಆ ಎರಡೂ ತಂಡಗಳು ಇವತ್ತಿಗೂ ಆಡುತ್ತಿರುವುದು ಕೆಳಗಿನ ದರ್ಜೆಯ ಲೀಗ್‌ಗಳಲ್ಲೇ! ಪೈಪೋಟಿ ಬದುಕಲು ದೊಡ್ಡ ಸ್ಟೇಡಿಯಂ ಬೇಕಿಲ್ಲ, ಪಕ್ಕದ ಊರು ಇದ್ದರೆ ಸಾಕು.

ಹಾಗೆಂದು ಮೇಲೇರುವ ಏಣಿ ಇಲ್ಲವೆಂದಲ್ಲ, ಇದೆ. ಆದರೆ ಅದರ ಕಾಲು ಊರಿರುವುದು ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ಅಲ್ಲಿನ ಜಿಲ್ಲಾ ಲೀಗ್‌ನಲ್ಲಿ ‘ಸಿ’, ‘ಬಿ’, ‘ಎ’ ಡಿವಿಜನ್‌ಗಳನ್ನು ದಾಟಿದರೆ ಸೂಪರ್ ಡಿವಿಜನ್. ಅದರಾಚೆ ರಾಷ್ಟ್ರೀಯ ಲೀಗ್‌ಗಳ ಮೆಟ್ಟಿಲುಗಳು, ತುದಿಯಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್). ಆ ಸೂಪರ್ ಡಿವಿಜನ್‌ನ ಇತ್ತೀಚಿನ ವರ್ಷಗಳ ಪಟ್ಟಿಯಲ್ಲಿ ಕಣ್ಣಾಡಿಸುತ್ತಿದ್ದರೆ ಥಟ್ಟನೆ ಎದುರಾಗುವ ಹೆಸರು ಕೊಡಗು ಎಫ್‌ಸಿ! ಬೆಂಗಳೂರು ಎಫ್‌ಸಿಯ ಮೀಸಲು ತಂಡ ಆಡುವ ಲೀಗ್‌ನಲ್ಲೇ ಕಾಫಿ ನಾಡಿನ ಹೆಸರು! ರಾಜ್ಯ ತಂಡದ ಮಟ್ಟಕ್ಕೆ ಏರಿದರೆ ದಾರಿ ಇನ್ನೂ ದೂರ ಹೋಗುತ್ತದೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದ ಕರ್ನಾಟಕ, 54 ವರ್ಷಗಳ ಬಳಿಕ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಎತ್ತಿತು.

ಈಗ ತಿತಿಮತಿಯ ಹುಡುಗನ ಜಾಗದಲ್ಲಿ ನಿಂತು ನೋಡಿ. ಕತ್ತಲಾದರೆ ದಾರಿಯಲ್ಲಿ ಕಾಡಾನೆಯ ಭಯ, ಬೆಳಕಿರುವಾಗಲೇ ಆಡಿ ಮನೆ ಸೇರಬೇಕು. ಜೂನ್ ಬಂದರೆ ಮೈದಾನವೇ ಕೆಸರು. ಬೆಂಗಳೂರಿನ ಹುಡುಗನಿಗೆ ‘ಸಿ’ ಡಿವಿಜನ್ ಒಂದು ಬಸ್ಸಿನ ದೂರ, ಇವನಿಗೆ ಅದು ಊರು ಬಿಟ್ಟು ಹೋಗುವ ನಿರ್ಧಾರ. ಇಷ್ಟು ಆಟವಿರುವ ಜಿಲ್ಲೆಗೆ ಬೇಕಾಗಿರುವುದು ಮನೆಬಾಗಿಲಲ್ಲೇ ಮೊದಲ ಮೆಟ್ಟಿಲು: ವರ್ಷವರ್ಷವೂ ತಪ್ಪದೆ ನಡೆಯುವ, ಬಡ್ತಿ–ಹಿಂಬಡ್ತಿಯಿರುವ ಜಿಲ್ಲಾ ಲೀಗ್, ಗೆದ್ದವರಿಗೆ ರಾಜ್ಯ ಮಟ್ಟಕ್ಕೆ ನೇರ ದಾರಿ. ಆಟಗಾರರಿದ್ದಾರೆ, ಪ್ರೇಕ್ಷಕರಿದ್ದಾರೆ, ಪೈಪೋಟಿಯಂತೂ ಬೇಕಾದಷ್ಟಿದೆ. ಫುಟ್ಬಾಲ್ ಸಂಸ್ಥೆಗಳು ಮನಸ್ಸು ಮಾಡಬೇಕು, ಅಷ್ಟೇ. ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ಮುಂದಿನ ಮೇ ತಿಂಗಳಲ್ಲಿ ಕೊಡಗಿಗೆ ಹೊರಟರೆ, ಅಬ್ಬಿ ಜಲಪಾತಕ್ಕೆ ಮುಂಚೆ ಒಂದು ಸಂಜೆಯನ್ನು ಸುಂಟಿಕೊಪ್ಪದ ಶಾಲಾ ಮೈದಾನಕ್ಕೆ ಕೊಡಿ.