ಬಂಡೆಯ ಫ್ಲೋರೈಡು, ಬೋರ್‌ವೆಲ್ ನೀರು

ಪಿಯುಸಿಯಲ್ಲಿ ರಾಸಾಯನಿಕ ಸಮತೋಲನದ ಪಾಠ ಬಂದಾಗ ಮಕ್ಕಳು ಸಾಮಾನ್ಯವಾಗಿ ಎರಡು ಕಡೆ ಎಡವುತ್ತಾರೆ. ಕ್ರಿಯೆ ನಿಂತೇಹೋಯಿತು ಅಂದುಕೊಳ್ಳುತ್ತಾರೆ. ಎರಡೂ ಬದಿಯ ವಸ್ತುಗಳು ಸಮಸಮ ಇರಬೇಕು ಅಂದುಕೊಳ್ಳುತ್ತಾರೆ. ಮಸರಕಲ್ ಸುತ್ತಿನ ದೇವದುರ್ಗ, ಮಾನ್ವಿ ಸೀಮೆಯ ಮಕ್ಕಳಿಗೆ ಇದನ್ನು ಬೋರ್‌ವೆಲ್ ನೀರಿನಿಂದಲೇ ಹೇಳಿಕೊಡಬಹುದು. ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಮಕ್ಕಳ ಹಲ್ಲಿನ ಮೇಲೆ ಕಂದುಗಲೆ ಬಿದ್ದಿದೆ.

ಇಲ್ಲಿನ ಗ್ರಾನೈಟಿನಂಥ ಗಟ್ಟಿ ಬಂಡೆಗಳಲ್ಲಿ ಫ್ಲೋರೈಡ್ ಇರುವ ಖನಿಜಗಳಿರುತ್ತವೆ. ಅವುಗಳಲ್ಲೊಂದು ಫ್ಲೋರೈಟ್, ಅಂದರೆ ಕ್ಯಾಲ್ಸಿಯಂ ಫ್ಲೋರೈಡ್. ನೀರು ತಾಗಿದರೆ ಹರಳಿನ ಮೈಯಿಂದ ಕ್ಯಾಲ್ಸಿಯಂ, ಫ್ಲೋರೈಡ್ ಅಯಾನುಗಳು ಕಳಚಿ ನೀರಿಗಿಳಿಯುತ್ತವೆ. ನೀರಿನಲ್ಲಿ ಅವು ಹೆಚ್ಚಿದಂತೆ ಮರಳಿ ಹರಳಿಗೆ ಅಂಟಿಕೊಳ್ಳುವುದೂ ಹೆಚ್ಚುತ್ತದೆ. ಕಳಚುವ ವೇಗ, ಅಂಟುವ ವೇಗ ಒಂದಾದರೆ ಅದೇ ಸಮತೋಲನ. ಎರಡೂ ಕೆಲಸ ನಡೆದೇ ಇರುತ್ತವೆ, ನೀರಿನಲ್ಲಿನ ಪ್ರಮಾಣ ಮಾತ್ರ ಬದಲಾಗುವುದಿಲ್ಲ. ಸಮವಾದದ್ದು ವೇಗ; ಬಂಡೆ ಟನ್ನುಗಟ್ಟಲೆ ಇದ್ದರೂ, 25 ಡಿಗ್ರಿಯ ಶುದ್ಧ ನೀರಿನಲ್ಲಿ ಲೀಟರಿಗೆ ಕರಗುವ ಫ್ಲೋರೈಡ್ ಸುಮಾರು 8 ಮಿಲಿಗ್ರಾಂ ಅಷ್ಟೇ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1.5.

ಆ 8 ಕೂಡ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ನೀರಿಗೆ ಬೇರೆ ಕಡೆಯಿಂದ ಕ್ಯಾಲ್ಸಿಯಂ ಸೇರಿ ಲೀಟರಿಗೆ 40 ಮಿಲಿಗ್ರಾಂ ಆದರೆ, ಅಂಟುವ ಕೆಲಸ ಜೋರಾಗಿ ಫ್ಲೋರೈಡ್ ಮೂರೂವರೆಯ ಆಸುಪಾಸಿಗೆ ಇಳಿಯುತ್ತದೆ. ಫ್ರಾನ್ಸಿನ ಲೆ ಶಾಟೆಲಿಯೆ 1884ರಲ್ಲಿ ಹೇಳಿದ್ದು ಇದನ್ನೇ: ಸಮತೋಲನವನ್ನು ಕದಲಿಸಿದರೆ ಅದು ಆ ಬದಲಾವಣೆಯನ್ನು ತಗ್ಗಿಸುವ ಕಡೆಗೆ ವಾಲುತ್ತದೆ.

ನಮ್ಮ ಸೀಮೆಯ ಕಷ್ಟ ಇದರ ಉಲ್ಟಾ. ಬೈಕಾರ್ಬೊನೇಟ್ ಹೆಚ್ಚಿರುವ ಅಂತರ್ಜಲದಲ್ಲಿ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದೆ. ಎರೆಹೊಲ ಅಗೆದಾಗ ಸಿಗುವ ಬಿಳಿ ಗಂಟುಗಳು ಇವೇ. ನೀರಿನಲ್ಲಿ ಕ್ಯಾಲ್ಸಿಯಂ ತಗ್ಗಿತೆಂದರೆ ಫ್ಲೋರೈಡಿಗೆ ತಡೆ ತಪ್ಪಿದ ಹಾಗೆ. ಬಂಡೆ ಇನ್ನಷ್ಟು ಕರಗುತ್ತದೆ. ಬೇಸಿಗೆಯಲ್ಲಿ ನೀರು ಆಳಕ್ಕಿಳಿದು ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತದ್ದನ್ನು ಎತ್ತಿದಾಗ ಈ ಕ್ರಿಯೆಗೆ ಬೇಕಾದಷ್ಟು ಸಮಯವೂ ಸಿಕ್ಕಿರುತ್ತದೆ.

ನೀರು ಕಾಯಿಸಿ ಕುಡಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಹಲವು ಮನೆಗಳಲ್ಲಿದೆ. ಕುದಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಕ್ಯಾಲ್ಸಿಯಂ ಪಾತ್ರೆಯ ತಳದಲ್ಲಿ ಬಿಳಿ ಪದರವಾಗಿ ಕೂರುತ್ತದೆ. ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕುದಿಸಿದರೆ ರೋಗಾಣು ಸಾಯುತ್ತವೆ, ಅದು ಬೇಕೇಬೇಕು. ಫ್ಲೋರೈಡ್ ತೆಗೆಯಲು ಮಾತ್ರ ಅಲ್ಯುಮಿನಾ ಅಥವಾ ಆರ್‌ಓ ಸೋಸುಕ ಬೇಕು, ಇಲ್ಲವೇ ಕೃಷ್ಣೆಯ ನೀರು ನಲ್ಲಿಗೆ ಬರಬೇಕು.